ಬೆಳಕು ಬಿದ್ದಾಗ ಎದ್ದು ನಿಲ್ಲುವ ಮೃಗಗಳು: ಬಳ್ಳಾರಿ–ಆದವಾನಿ ಸೀಮೆಯ ಪ್ರಾಣಿಚಿತ್ರಗಳ ಚರಿತ್ರೆ

ಬಳ್ಳಾರಿಯ ಹೊರವಲಯದಲ್ಲಿ ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ನಡುವೆ ಹಬ್ಬಿರುವ ಗುಡ್ಡಗಳಲ್ಲಿ ಹಿರೇಗುಡ್ಡವೆಂಬುದು ಒಂದು. ಅಲ್ಲಿಯ ಕರಿಬಂಡೆಗಳ ಮೇಲೆ ನವಶಿಲಾಯುಗದ ಜನ ಬರೆದ ಪ್ರಾಣಿಗಳಿವೆ ಎಂದು ಓದಿದ್ದ ನಾನು, ಹಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ಅಲ್ಲಿಗೆ ಹತ್ತಿದೆ. ಎರಡು ಗಂಟೆ ತಿರುಗಿದರೂ ಕಂಡದ್ದು ಬರೀ ಬಂಡೆ. ಬಿಸಿಲಿಗೆ ಕಾದು, ಕಣ್ಣಿಗೆ ಹೊಡೆಯುವಂತೆ ಹೊಳೆಯುವ ಬಂಡೆ. ಇಳಿದು ಹೋಗಬೇಕೆಂದಿದ್ದಾಗ ನೆರಳಿನಲ್ಲಿ ಕುಳಿತಿದ್ದ ಕುರಿಗಾಹಿಯೊಬ್ಬ, "ಹೊತ್ತು ಇಳೀಲಿ ಸಾರ್, ಆಗ ಎತ್ತು ಕಾಣಿಸ್ತಾವ" ಎಂದ. ಐದು ಗಂಟೆಯ ಸುಮಾರಿಗೆ ಸೂರ್ಯನ ಕಿರಣ ಓರೆಯಾಗಿ ಬಂಡೆಯ ಮೈಯನ್ನು ತಡವಿದಾಗ ಅವನ ಮಾತು ನಿಜವಾಯಿತು. ಮೊದಲು ಒಂದು ಕೊಂಬು, ಬಳಿಕ ಹಿಣಿಲು, ಆಮೇಲೆ ಬಾಲ. ಮಧ್ಯಾಹ್ನ ನಾನು ಆನಿಕೊಂಡು ನಿಂತಿದ್ದ ಬಂಡೆಯ ಮೇಲೆಯೇ ಉದ್ದ ಕೊಂಬಿನ ಹೋರಿಗಳ ಒಂದು ಹಿಂಡು ನಿಂತಿತ್ತು.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆಯೇ ಈ ಲೇಖನದ ವಸ್ತು. ಪ್ರಾಣಿಯನ್ನು ಬರೆಯುವ ಚಿತ್ರಕಾರ ಬೆಳಕನ್ನು ಏನು ಮಾಡುತ್ತಾನೆ? ಆ ಬೆಳಕಿನಲ್ಲಿ ನಿಂತ ಪ್ರಾಣಿ ಬರೀ ಪ್ರಾಣಿಯಾಗಿ ಉಳಿಯುತ್ತದೆಯೇ, ಬೇರೆ ಏನನ್ನಾದರೂ ಹೇಳತೊಡಗುತ್ತದೆಯೇ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ಸಾಮಾನ್ಯವಾಗಿ ಯುರೋಪಿನ ಕಡೆಗೆ ನೋಡುತ್ತೇವೆ. ಸ್ವೀಡನ್ನಿನ ಬ್ರೂನೊ ಲಿಲ್ಯೆಫೋರ್ಸ್, ಜರ್ಮನಿಯ ವಿಲ್ಹೆಲ್ಮ್ ಕೂನರ್ಟ್ ಮೊದಲಾದವರು ಮುಂಜಾವಿನ ಮಂಜು, ಸಂಜೆಯ ಹೊಂಬಿಸಿಲು, ಹಿಮದ ಮೇಲಿನ ನೀಲಿ ನೆರಳು ಇವೆಲ್ಲವನ್ನೂ ಹಿಡಿದು ವನ್ಯಜೀವಿ ಚಿತ್ರಕ್ಕೆ ಒಂದು ಗಾಂಭೀರ್ಯ ತಂದರೆಂಬುದು ಸತ್ಯ. ಆದರೆ ತುಂಗಭದ್ರೆಯ ದಂಡೆಯ ನಮ್ಮ ಈ ಬಯಲುಸೀಮೆಯಲ್ಲಿ, ಮಾಧವರಂ, ಮಂತ್ರಾಲಯ, ಆದವಾನಿ, ಆಲೂರು, ಸಿರುಗುಪ್ಪ, ಬಳ್ಳಾರಿಗಳ ನೆಲದಲ್ಲಿ, ಸಾವಿರಾರು ವರ್ಷಗಳ ಪ್ರಾಣಿಚಿತ್ರಪರಂಪರೆಯೊಂದಿದೆ. ಅದರಲ್ಲಿ ಬೆಳಕಿನ ಲೆಕ್ಕವೇ ಬೇರೆ.

ಬಂಡೆಯ ಮಾತಿಗೇ ಮೊದಲು ಬರೋಣ. ಹಿರೇಗುಡ್ಡದವು ಬಣ್ಣದ ಚಿತ್ರಗಳಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ ಗೀರುಚಿತ್ರಗಳು. ಡಾಲರೈಟ್ ಎಂಬ ಕರಿಕಲ್ಲಿನ ಹೊರಮೈ ಶತಮಾನಗಳ ಗಾಳಿ ಬಿಸಿಲಿಗೆ ಕಡುಗಪ್ಪಾಗಿರುತ್ತದೆ. ಅದನ್ನು ಕುಟ್ಟಿದರೆ ಒಳಗಿನ ತಿಳಿಬಣ್ಣ ಹೊರಬರುತ್ತದೆ. ಕಾಲ ಕಳೆದಂತೆ ಆ ತಿಳಿಬಣ್ಣವೂ ಮತ್ತೆ ಕಪ್ಪಾಗುತ್ತ ಬಂಡೆಯೊಳಗೆ ಸೇರಿಹೋಗುತ್ತದೆ. ಹೀಗಾಗಿ ಹೆಚ್ಚು ಬಿಳಿಚಿರುವ ಚಿತ್ರ ಹೊಸತು, ಬಂಡೆಯ ಬಣ್ಣಕ್ಕೆ ತಿರುಗಿದ್ದು ಹಳತು. ಪುರಾತತ್ತ್ವಜ್ಞರು ಇವುಗಳ ವಯಸ್ಸನ್ನು ಅಂದಾಜು ಮಾಡುವಾಗ ಇದನ್ನೂ ಗಮನಿಸುತ್ತಾರೆ. ಅತ್ಯಂತ ಹಳೆಯ ಹೋರಿಗಳು ಓರೆ ಬೆಳಕಿಗಲ್ಲದೆ ಕಾಣದಿರುವುದಕ್ಕೆ ಕಾರಣವೂ ಇದೇ. ಇಲ್ಲಿ ಬೆಳಕನ್ನು ಚಿತ್ರಕಾರ ಬರೆಯಲಿಲ್ಲ. ದಿನವೂ ಬಂದು ಚಿತ್ರವನ್ನು ಮುಗಿಸುವ ಕೆಲಸವನ್ನು ಸೂರ್ಯನಿಗೇ ಬಿಟ್ಟ.

ಈ ಚಿತ್ರಗಳ ಸುದ್ದಿಯನ್ನು ವಿದ್ವಲ್ಲೋಕಕ್ಕೆ ಮುಟ್ಟಿಸಿದವನು ಎಫ್. ಫಾಸೆಟ್, ವರ್ಷ 1892. ಅದಕ್ಕೂ ಮೊದಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಗುಡ್ಡಗಳಲ್ಲಿ ತಿರುಗಿ ನವಶಿಲಾಯುಗದ ಕೊಡಲಿಗಳನ್ನು ಕೂಡಿಹಾಕಿದ್ದ. 1951ರಲ್ಲಿ ಡಿ. ಎಚ್. ಗಾರ್ಡನ್ ಈ ಗೀರುಚಿತ್ರಗಳ ಬಗ್ಗೆ ಮತ್ತೆ ಬರೆದ. 2004ರಲ್ಲಿ ನಿಕೋಲ್ ಬೋಯ್ವಿನ್ ಪ್ರಕಟಿಸಿದ ಲೇಖನವೊಂದು ಇನ್ನೊಂದು ಸೋಜಿಗವನ್ನು ತಿಳಿಸಿತು: ಇಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊಮ್ಮುತ್ತದೆ, ಹಾಗೆ ಬಡಿದು ಬಡಿದು ಆದ ಕುಳಿಗಳೂ ಅಲ್ಲಿವೆ. ಚಿತ್ರ, ನಾದ, ಇಳಿಹೊತ್ತಿನ ಬೆಳಕು ಮೂರೂ ಕೂಡಿದ ಒಂದು ಸಂದರ್ಭವನ್ನು ನೆನೆದುಕೊಂಡರೆ, ಅದನ್ನು ಚಿತ್ರಶಾಲೆ ಎನ್ನುವುದಕ್ಕಿಂತ ಗುಡಿ ಎನ್ನುವುದೇ ಮೇಲೆಂದು ನನಗೆ ತೋರುತ್ತದೆ.

ಆದರೆ ಒಂದು ಆಕ್ಷೇಪವನ್ನು ಇಲ್ಲಿಯೇ ಎತ್ತಿಕೊಳ್ಳಬೇಕು. ಹೋರಿ ಸಾಕುಪ್ರಾಣಿ, ಅದು ವನ್ಯಜೀವಿಚಿತ್ರ ಹೇಗಾದೀತು? ಸುತ್ತ ಕಾಡುಮೃಗಗಳು ತುಂಬಿದ್ದ ಕಾಲದಲ್ಲಿ ಆ ಜನ ಚಿಗರಿಯನ್ನೂ ಚಿರತೆಯನ್ನೂ ಬದಿಗಿಟ್ಟು ಹೋರಿಯನ್ನೇ ಮತ್ತೆ ಮತ್ತೆ ಬರೆದದ್ದು ಏಕೆ? ಉತ್ತರದ ಸುಳಿವು ಈ ಸೀಮೆಯ ಬೂದಿದಿಬ್ಬಗಳಲ್ಲಿದೆ. ರೇಮಂಡ್ ಆಲ್‌ಚಿನ್ ಉಟ್ನೂರಿನಲ್ಲಿ ಉತ್ಖನನ ಮಾಡಿ, ಈ ದಿಬ್ಬಗಳು ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಕಾಲಕಾಲಕ್ಕೆ ಸುಟ್ಟು ಆದವು ಎಂದು ತೋರಿಸಿದರು. 1963ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ಗೋಪಾಲಕರನ್ನು ಕುರಿತು ಗ್ರಂಥವನ್ನೇ ಬರೆದರು. ನಮ್ಮ ಜನರ ಕಣ್ಣಿಗೆ ಮಾತ್ರ ಅವು ಪುರಾಣದ ಬೂದಿ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಇಂದಿಗೂ ವಾಲಿಯ ಚಿತೆಯೆಂದು ತೋರಿಸುತ್ತಾರೆ. ರಾತ್ರಿಯೆಲ್ಲ ಉರಿಯುವ ಅಂಥ ಬೆಂಕಿಯ ಬೆಳಕಿನಲ್ಲಿ ಹೋರಿಯ ನೆರಳು ಎಷ್ಟು ದೊಡ್ಡದಾಗಿ ಕಂಡಿರಬೇಕು! ಆ ಜನಕ್ಕೆ ಹೋರಿ ಸಂಪತ್ತೂ ಹೌದು, ಶಕ್ತಿಯೂ ಹೌದು. ಚಿತ್ರದಲ್ಲಿ ಕೊಂಬು ಮೈಯ ಅಳತೆಗೆ ಮೀರಿ ಬೆಳೆದಿರುವುದು ಕೈ ತಪ್ಪಿದ್ದರಿಂದಲ್ಲ. ಪ್ರಾಣಿಯಲ್ಲಿ ತಾನು ಪೂಜಿಸುವ ಭಾಗವನ್ನು ಮನುಷ್ಯ ದೊಡ್ಡದು ಮಾಡುತ್ತಾನೆ.

ಕಾಡುಮೃಗಗಳು ಬೇಕೆಂದರೆ ಬೇರೆ ಬಂಡೆಗಳಿಗೆ ಹೋಗಬೇಕು. ಗಂಗಾವತಿಯ ಕಡೆ ಹಿರೇಬೆಣಕಲ್, ಆನೆಗೊಂದಿ, ಲಿಂಗಸುಗೂರಿನ ಪಿಕ್ಲಿಹಾಳಗಳ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳಿವೆ. ಕರ್ನೂಲಿನ ಬಳಿ ಕೇತವರಂ ಎಂಬಲ್ಲಿಯೂ ಇವೆ. ಆಸರೆಯ ಮರೆಯಲ್ಲಿ ಬಿಸಿಲು ನೇರವಾಗಿ ಬೀಳದಿರುವುದರಿಂದಲೇ ಅಲ್ಲಿಯ ಕೆಂಪು ಉಳಿದಿದೆ. ಬೆಳಕು ಬಿದ್ದರೆ ಕಾಣುವ ಚಿತ್ರ ಒಂದು ಕಡೆ, ಬೆಳಕು ಬಿದ್ದರೆ ಅಳಿಯುವ ಚಿತ್ರ ಇನ್ನೊಂದು ಕಡೆ.

ಮತ್ತೂ ಹಿಂದೆ ಹೋದರೆ ಚಿತ್ರವಿಲ್ಲ, ಎಲುಬು ಮಾತ್ರ ಸಿಗುತ್ತದೆ. ಅಂದಿನ ಕರ್ನೂಲು ಜಿಲ್ಲೆಯ ಬೇತಂಚೆರ್ಲದ ಹತ್ತಿರದ ಬಿಲ್ಲಸುರ್ಗಂ ಗುಹೆಗಳನ್ನು 1880ರ ದಶಕದಲ್ಲಿ ಫೂಟ್ ಮತ್ತು ಅವನ ಮಗ ಅಗೆದರು. ಅಲ್ಲಿ ದೊರೆತ ಎಲುಬುಗಳನ್ನು ಪರೀಕ್ಷಿಸಿದ ರಿಚರ್ಡ್ ಲಿಡೆಕ್ಕರ್ 1886ರಲ್ಲಿ ಅವುಗಳಲ್ಲಿ ಒಂದು ಖಡ್ಗಮೃಗವನ್ನು ಗುರುತಿಸಿ, ಅದಕ್ಕೆ ಕರ್ನೂಲಿನ ಹೆಸರನ್ನೇ ಸೇರಿಸಿ 'ರೈನಾಸಿರಸ್ ಕರ್ನೂಲಿಯೆನ್ಸಿಸ್' ಎಂದು ಕರೆದ. ನಮ್ಮ ಮೆಣಸಿನಕಾಯಿ, ಹತ್ತಿ, ಶೇಂಗಾದ ಹೊಲಗಳ ನೆಲದಲ್ಲಿ ಒಮ್ಮೆ ಖಡ್ಗಮೃಗ ಮೇಯುತ್ತಿತ್ತೆಂಬುದನ್ನು ನನ್ನ ಮೊಮ್ಮಕ್ಕಳಿಗೆ ಹೇಳಿದರೆ ಅಜ್ಜ ಕಥೆ ಕಟ್ಟುತ್ತಿದ್ದಾನೆಂದು ನಗುತ್ತಾರೆ.

ಬಂಡೆಯಿಂದ ಗೋಡೆಗೆ ಬರುವ ದಾರಿಯಲ್ಲಿ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನನ್ನು ಕಾಣದೆ ಹೋಗುವಂತಿಲ್ಲ. ಕನ್ನಡ ನಾಡನ್ನಾಳಿದ ಈ ದೊರೆ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆಗೂ ಆನೆಗೂ ಚಿತ್ರಕಲೆಗೂ ಪ್ರತ್ಯೇಕ ಪ್ರಕರಣಗಳಿವೆ. ಕನ್ನಡಿಯಲ್ಲಿ ಕಂಡಂತೆ ವಸ್ತುವನ್ನು ಹೋಲುವ ಚಿತ್ರ 'ವಿದ್ಧ'. ಹೋಲಿಕೆಯ ಹಂಗಿಲ್ಲದೆ ಮನಸ್ಸಿಗೆ ತೋಚಿದಂತೆ ಬರೆದದ್ದು 'ಅವಿದ್ಧ'. ನೋಡುವವನಲ್ಲಿ ಶೃಂಗಾರಾದಿ ರಸಗಳನ್ನು ಎಬ್ಬಿಸುವುದು 'ಭಾವಚಿತ್ರ'. ಇಂದು ನಾವು ವನ್ಯಜೀವಿಚಿತ್ರದ ಬಗ್ಗೆ ಆಡುವ ಜಗಳವೆಲ್ಲ, ಅಂದರೆ ಗರಿಗರಿಯೂ ಸರಿಯಾಗಿರಬೇಕೋ, ಕಾಡಿನ ಭಾವ ಮೂಡಿದರೆ ಸಾಕೋ ಎಂಬುದು, ಈ ಮೂರು ಮಾತುಗಳಲ್ಲಿ ಅಡಗಿದೆ. ಅದೇ ಗ್ರಂಥ ಗೋಡೆಗೆ ಬಳಿಯುವ ವಜ್ರಲೇಪವನ್ನು ಎಮ್ಮೆಯ ಚರ್ಮ ಕುದಿಸಿ ಮಾಡಬೇಕೆಂದೂ, ಕುಂಚಕ್ಕೆ ಕರುವಿನ ಕಿವಿಯ ಕೂದಲು ಬೇಕೆಂದೂ ಹೇಳುತ್ತದೆ. ಗೋಡೆಯ ಮೇಲೆ ಜಿಂಕೆ ಮೂಡುವ ಮೊದಲೇ ಎರಡು ಪ್ರಾಣಿಗಳು ಆ ಗೋಡೆಯೊಳಗೆ ಸೇರಿರುತ್ತಿದ್ದವು!

ಹಳಗನ್ನಡದ 'ಮಿಗ' ಶಬ್ದವೂ ಇಲ್ಲಿ ನೆನಪಾಗುತ್ತದೆ. ಸಂಸ್ಕೃತದ 'ಮೃಗ'ದಿಂದ ಬಂದ ಈ ಮಾತಿಗೆ ಪ್ರಾಣಿ ಎಂಬ ಅರ್ಥವೂ ಉಂಟು, ಜಿಂಕೆ ಎಂಬ ಅರ್ಥವೂ ಉಂಟು. ಕಾಡಿನ ಜೀವವೆಂದರೆ ಮೊದಲು ಕಣ್ಣಿಗೆ ಬರುವುದು ಓಡುವ, ಹೆದರುವ, ಬೇಟೆಗೆ ಸಿಕ್ಕುವ ಜಿಂಕೆ ಎಂಬ ಭಾವ ನಮ್ಮ ಭಾಷೆಯಲ್ಲಿಯೇ ಬೆರೆತಿದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲಿನ ಅಶೋಕನ ಶಾಸನದಲ್ಲಿ ಅರಮನೆಯ ಅಡುಗೆಮನೆಗೆ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ ಕೊಲ್ಲಲಾಗುತ್ತಿದೆ, ಜಿಂಕೆಯೂ ನಿತ್ಯವಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ ಎಂಬ ಮಾತು ಬರುತ್ತದೆ. ಚಿತ್ರವಿಲ್ಲದಿದ್ದರೂ ಆ ಜಿಂಕೆ ನನಗೆ ಕಾಣುತ್ತದೆ.

ವಿಜಯನಗರದ ಕಾಲದ ಲೇಪಾಕ್ಷಿಯನ್ನು ಕುರಿತು ಬಹಳ ಮಂದಿ ಬರೆದಿದ್ದಾರೆ. ನಾನು ಒಂದೇ ಚಿತ್ರದ ಬಳಿ ನಿಲ್ಲುತ್ತೇನೆ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ಗುಡಿಯ ಮೇಲ್ಛಾವಣಿಯಲ್ಲಿ ಕಿರಾತಾರ್ಜುನೀಯದ ಕಥೆಯಿದೆ. ಪಂಪನನ್ನು ಓದಿದವರಿಗೆ ಈ ಪ್ರಸಂಗ ಪರಿಚಿತ. ಶಿವನೂ ಅರ್ಜುನನೂ ಒಂದೇ ಹಂದಿಗೆ ಗುರಿಯಿಡುತ್ತಾರೆ. ಬಾಣ ಯಾರದು ಎಂಬುದಕ್ಕೆ ಜಗಳ. ಆ ಚಿತ್ರದಲ್ಲಿ ಎಲ್ಲಿಯೂ ನೆರಳಿಲ್ಲ. ಕೆಂಪು, ಹಳದಿ, ಹಸಿರು, ಬಿಳುಪುಗಳು ಸಮನಾಗಿ ಹರಡಿವೆ, ಕಪ್ಪು ಗೆರೆ ಆಕಾರಗಳನ್ನು ಬಿಡಿಸಿ ತೋರಿಸುತ್ತದೆ. ಹೊತ್ತು ಬೆಳಗೋ ಬೈಗೋ ಹೇಳುವಂತಿಲ್ಲ. ದೇವರ ಕಥೆಗೆ ಗಡಿಯಾರ ಬೇಕಿಲ್ಲವೆಂಬುದು ಆ ಚಿತ್ರಕಾರರ ನಿಲುವಿರಬೇಕು. ಪಂಡಿತರು ಶಿವನನ್ನೂ ಅರ್ಜುನನನ್ನೂ ವರ್ಣಿಸುತ್ತಾರೆ. ನನ್ನ ಕಣ್ಣು ಮಾತ್ರ ಪ್ರತಿಸಲ ಆ ಹಂದಿಯ ಮೇಲೆಯೇ ನೆಡುತ್ತದೆ. ಕಥೆಯಲ್ಲಿ ಅದು ಮೂಕಾಸುರ. ಗೆರೆಯಲ್ಲಿ ಅದು ನಮ್ಮ ಹೊಲದ ಬದುವಿನಲ್ಲಿ ನುಗ್ಗುವ ಹಂದಿಯೇ. ಕಥೆ ಅದನ್ನು ರಾಕ್ಷಸನೆಂದರೂ ಕೈ ಅದನ್ನು ಪ್ರಾಣಿಯೆಂದೇ ಬರೆದಿದೆ.

ಈಗ ಆದವಾನಿಗೆ ಬರೋಣ. ಈ ಊರಿನ ಪಾಲು ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಎಷ್ಟು ದೊಡ್ಡದೆಂಬುದು ಊರಿನವರಿಗೇ ಅಷ್ಟಾಗಿ ತಿಳಿದಿಲ್ಲ. 1568ರಲ್ಲಿ ಆದವಾನಿ ಕೋಟೆ ಬಿಜಾಪುರದ ಆದಿಲಶಾಹಿಗಳ ಕೈಸೇರಿತು. ಆ ಮನೆತನದ ಎರಡನೆಯ ಇಬ್ರಾಹಿಂ ಆದಿಲಶಾಹ 1580ರಿಂದ 1627ರವರೆಗೆ ಆಳಿದವನು. ಸಂಗೀತದ ಹುಚ್ಚು, ಸರಸ್ವತಿಯ ಸ್ತುತಿ, ದಖನಿ ಭಾಷೆಯ 'ಕಿತಾಬ್-ಎ-ನವರಸ್', ಇವೆಲ್ಲ ಅವನ ಹೆಸರಿನೊಂದಿಗೆ ಹೆಣೆದುಕೊಂಡಿವೆ. ಆ ಗ್ರಂಥದಲ್ಲಿ ಅವನು ಹಾಡಿ ಹೊಗಳಿದವರಲ್ಲಿ ಆತಿಶ್ ಖಾನ್ ಎಂಬ ಆನೆಯೂ ಇದೆ. ಆತಿಶ್ ಎಂದರೆ ಬೆಂಕಿ. ಸುಲ್ತಾನನು ಆ ಆನೆಯ ಮೇಲೆ ಕುಳಿತಿರುವ ಚಿತ್ರವೂ, ಕೈಮೇಲೆ ಡೇಗೆ ಹಿಡಿದು ಕುದುರೆ ಏರಿ ಹೊರಟ ಚಿತ್ರವೂ ಉಳಿದಿವೆ. ಎರಡನೆಯದು ಇಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಇವನ್ನು ಪರ್ಷಿಯಾದಿಂದ ಬಂದ ಫರ್ರುಖ್ ಬೇಗನ ಕೈಕೆಲಸವೆಂದು ಕಲೆಯ ಇತಿಹಾಸಕಾರರು ಎಣಿಸುತ್ತಾರೆ.

ಇದೇ ಕಾಲದಲ್ಲಿ ಉತ್ತರದ ಮೊಗಲ್ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಪ್ರಾಣಿಗಳನ್ನು ಬರೆಯುತ್ತಿದ್ದ. 1621ರಲ್ಲಿ ಅವನು ಜಹಾಂಗೀರನಿಗಾಗಿ ಬರೆದ ಜೀಬ್ರಾ ಎಂದರೆ ಸೋಮೇಶ್ವರನು ಹೇಳಿದ ವಿದ್ಧಚಿತ್ರವೇ. ಪಟ್ಟೆ ಪಟ್ಟೆಗೂ ಲೆಕ್ಕವಿದೆ. ಬಿಜಾಪುರದ ಚಿತ್ರಕಾರನಿಗೆ ಆ ಲೆಕ್ಕ ಬೇಕಿರಲಿಲ್ಲ. ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ ಯೋಗಿನಿಯ ಚಿತ್ರವನ್ನು ಪುಸ್ತಕಗಳಲ್ಲಿ ಅನೇಕರು ನೋಡಿರಬಹುದು. ಹದಿನೇಳನೆಯ ಶತಮಾನದ ಆರಂಭದ ಈ ಚಿತ್ರದಲ್ಲಿ ಆಭರಣ ತೊಟ್ಟ ಯೋಗಿನಿಯೊಬ್ಬಳು ಕೈಮೇಲೆ ಗೊರವಂಕವನ್ನು ಕೂರಿಸಿಕೊಂಡು ನಿಂತಿದ್ದಾಳೆ. ಸುತ್ತ ಅಳತೆ ಮೀರಿದ ಹೂಗಳು, ದೂರದ ಬೆಟ್ಟದ ಮೇಲೆ ಅರಮನೆ. ಅಲ್ಲಿ ಬೆಳಕು ಸೂರ್ಯನಿಂದಲೂ ಬರುತ್ತಿಲ್ಲ, ದೀಪದಿಂದಲೂ ಇಲ್ಲ; ಚಿನ್ನದ ಬಣ್ಣದೊಳಗಿನಿಂದ ಮೆಲ್ಲನೆ ಹೊಮ್ಮುತ್ತದೆ. ಹಕ್ಕಿ ಅವಳಿಗೆ ಏನನ್ನೋ ಹೇಳುತ್ತಿದೆ. ಅದು ಜೀವಾತ್ಮವೋ, ಗುರುವೋ, ಅಗಲಿದ ಪ್ರಿಯನ ಸುದ್ದಿ ತಂದ ದೂತನೋ ಎಂದು ವಿದ್ವಾಂಸರು ವಾದಿಸಲಿ. ನಮ್ಮಲ್ಲಿ ಮುತ್ತೈದೆಯೂ ಅವಧೂತರೂ ಗಿಳಿಗೆ ಮಾತು ಹೇಳಿ ಹಾಡಿದ ಹಾಡುಗಳನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪರಂಪರೆಯ ಕೊನೆಯ ಅಂಕ ನಡೆದದ್ದು ಆದವಾನಿಯಲ್ಲಿ. ಕರ್ನೂಲಿನ ಸಿದ್ದಿ ಜೌಹರನ ಅಳಿಯನಾದ ಸಿದ್ದಿ ಮಸೂದ್ ಖಾನ್ ಬಿಜಾಪುರದ ಆಡಳಿತದ ಚುಕ್ಕಾಣಿ ಹಿಡಿದಿದ್ದವನು. 1683ರಲ್ಲಿ ಅದನ್ನು ಬಿಟ್ಟು ಆದವಾನಿಯಲ್ಲಿ ನೆಲೆನಿಂತ. ಊರಿನ ಜಾಮಿಯಾ ಮಸೀದಿ ಅವನ ಕಾಲದ್ದು. ಆಫ್ರಿಕದ ಮೂಲದ ಈ ಸರದಾರ ಚಿತ್ರಗಳಿಗೂ ಹಸ್ತಪ್ರತಿಗಳಿಗೂ ಆಶ್ರಯದಾತ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾದ ಎರಡು ವರ್ಷಗಳಿಗೆ ಆದವಾನಿಯೂ ಬಿತ್ತು. ಇಮ್ತಿಯಾಜ್‌ಗಡ ಎಂಬ ಹೊಸ ಹೆಸರು ಪಡೆಯಿತು. ಮೊಗಲರ ಪಕ್ಷದ ಬಿಕಾನೇರದ ರಾಜ ಅನೂಪಸಿಂಹ ಇಲ್ಲಿಯ ಅಧಿಕಾರಿಯಾಗಿ ಬಂದ. ಅವನು ಗ್ರಂಥಪ್ರೇಮಿ, ಬಿಕಾನೇರದ ಅನೂಪ್ ಸಂಸ್ಕೃತ ಗ್ರಂಥಾಲಯ ಅವನ ಹೆಸರಿನದು. ಬಿಜಾಪುರದ ಶ್ರೇಷ್ಠ ಚಿತ್ರಗಳಲ್ಲಿ ಹಲವು ಆದವಾನಿಯಿಂದಲೇ ಅವನ ಮೂಲಕ ಬಿಕಾನೇರದ ಅರಮನೆಗೆ ಹೋದವೆಂದು, ಅಲ್ಲಿಂದ ಕಾಲಾಂತರದಲ್ಲಿ ಲೋಕದ ನಾನಾ ಸಂಗ್ರಹಗಳಿಗೆ ಹಂಚಿಹೋದವೆಂದು ಇತಿಹಾಸಕಾರರು ಹೇಳುತ್ತಾರೆ. 1698ರಲ್ಲಿ ಅನೂಪಸಿಂಹ ಸತ್ತದ್ದೂ ಆದವಾನಿಯಲ್ಲಿಯೇ. ಚಿತ್ರಗಳು ಮರುಭೂಮಿಗೆ ಹೋದವು, ಒಯ್ದವನು ಇಲ್ಲಿ ಉಳಿದ.

ಇದನ್ನು ಕೊಳ್ಳೆ ಎನ್ನಬೇಕೋ ರಕ್ಷಣೆ ಎನ್ನಬೇಕೋ? ನಾನು ಎರಡೂ ಕಡೆ ತೂಗಿ ನೋಡಿದ್ದೇನೆ. ಕೋಟೆಯಲ್ಲಿಯೇ ಉಳಿದಿದ್ದರೆ ನಿಜಾಮರು, ಹೈದರ್, ಟಿಪ್ಪು, ಕಂಪನಿ ಇವರೆಲ್ಲರ ಕಾಳಗಗಳನ್ನು ಆ ಕಾಗದಗಳು ದಾಟುತ್ತಿದ್ದವೆಂದು ನಂಬಲು ಕಷ್ಟ. ಆದರೂ ಆತಿಶ್ ಖಾನನಂಥ ಆನೆಗಳು ಬೆಳಗಿದ ಲೋಕವನ್ನು ನೋಡಲು ಈ ಸೀಮೆಯ ಮಗು ಕಡಲು ದಾಟಬೇಕೆಂಬುದು ಎದೆಗೆ ಚುಚ್ಚುತ್ತದೆ.

ಕಂಪನಿಯ ಕಾಲಕ್ಕೆ ಬಂದಾಗ ಪ್ರಾಣಿಯ ಹಿಂದಿನ ಬೆಟ್ಟ, ಅರಮನೆ, ಚಿನ್ನ ಎಲ್ಲವೂ ಮಾಯವಾಗಿ ಬಿಳಿಹಾಳೆ ಮಾತ್ರ ಉಳಿಯುತ್ತದೆ. ಮದರಾಸಿನ ಸೈನ್ಯದ ವೈದ್ಯ ಟಿ. ಸಿ. ಜೆರ್ಡನ್ 1843ರಿಂದ 1847ರ ನಡುವೆ ಮದರಾಸಿನಲ್ಲಿ ಪ್ರಕಟಿಸಿದ ಪಕ್ಷಿಚಿತ್ರಗಳ ಸಂಪುಟದಲ್ಲಿ ದಕ್ಷಿಣ ಭಾರತದ ಹಕ್ಕಿಗಳ ಐವತ್ತು ಫಲಕಗಳಿವೆ. ಬರೆದವರು ದೇಶೀಯ ಚಿತ್ರಕಾರರು. ಹೆಸರು ಬಂದದ್ದು ಜೆರ್ಡನ್ನನಿಗೆ. ಅದೇ ಜೆರ್ಡನ್ನನ ಹೆಸರು ಹೊತ್ತು, ತೆಲುಗಿನಲ್ಲಿ ಕಲಿವಿಕೋಡಿ ಎನಿಸಿಕೊಂಡ ಇನ್ನೊಂದು ಹಕ್ಕಿಯಿದೆ. 1848ರಲ್ಲಿ ಶಾಸ್ತ್ರೀಯ ಹೆಸರು ಪಡೆದ ಅದು 1900ರ ಬಳಿಕ ಕಾಣದೆಹೋಗಿ, ಅಳಿದೇಹೋಯಿತೆಂದು ತಿಳಿದಿದ್ದಾಗ 1986ರಲ್ಲಿ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಮತ್ತೆ ಸಿಕ್ಕಿತು. ಅದು ಇರುಳಿನಲ್ಲಿ ಸಂಚರಿಸುವ ಹಕ್ಕಿ. ಹಗಲು ಹುಡುಕಿದವರಿಗೆ ಹೇಗೆ ಕಂಡೀತು?

ನಮ್ಮ ಎರೆಭೂಮಿಯ ಎರ್ಲಡ್ಡು ಹಕ್ಕಿಗೆ ಅಂಥ ಅದೃಷ್ಟವಿಲ್ಲ. ಅದು ಬಟ್ಟಬಯಲಿನಲ್ಲಿ, ಪೂರ್ಣ ಬೆಳಕಿನಲ್ಲಿ ತಲೆಯೆತ್ತಿ ನಡೆಯುವ ಹಕ್ಕಿ. ಅದಕ್ಕೂ ಚಿಗರಿಗೂ ಆಶ್ರಯವೆಂದು ಅಂದಿನ ಕರ್ನೂಲು ಜಿಲ್ಲೆಯ ರೊಳ್ಳಪಾಡಿನಲ್ಲಿ 1988ರಲ್ಲಿ ಅಭಯಾರಣ್ಯವಾಯಿತು. ಸಿರುಗುಪ್ಪದ ಬಯಲಿನಲ್ಲಿಯೂ ಅದು ಕಂಡದ್ದುಂಟು. ಹುಲ್ಲುಗಾವಲು ಹೊಲವಾಗಿ, ಹೊಲದ ಮೇಲೆ ವಿದ್ಯುತ್ ತಂತಿ ಹರಿದ ಮೇಲೆ ಈಗ ಕಾಣುವುದೇ ಅಪರೂಪ. ಈ ಹಕ್ಕಿಯ ಹೆಸರನ್ನು ನಮ್ಮ ಕಡೆಯ ಮುದುಕರು ಬಲ್ಲರು. ಹಕ್ಕಿಗಿಂತ ಮೊದಲು ಹೆಸರು ಹೋಗುತ್ತದೋ, ಹೆಸರಿಗಿಂತ ಮೊದಲು ಹಕ್ಕಿ ಹೋಗುತ್ತದೋ ಎಂಬ ಹಂತದಲ್ಲಿದ್ದೇವೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಹಿರೇಗುಡ್ಡದ ಹೋರಿಗಳು ಮೈಸೂರಿನ ಪಾಲಾದವು, ಆದವಾನಿಯ ಕೋಟೆ ಆಂಧ್ರದ ಪಾಲಾಯಿತು. ಅಂದಿನಿಂದ ಈ ಪರಂಪರೆಯನ್ನು ಇಡಿಯಾಗಿ ಹೇಳುವ ಪಠ್ಯಪುಸ್ತಕ ಎರಡೂ ಕಡೆ ಇಲ್ಲ. ಅತ್ತ ಕಲ್ಲುಗಣಿಯ ಸದ್ದು ಗೀರುಚಿತ್ರಗಳ ಗುಡ್ಡವನ್ನೂ ಬಿಡಲಿಲ್ಲ. ಅಲ್ಲಿಯ ಚಿತ್ರಗಳಿಗೆ ಆದ ಹಾನಿಯನ್ನು ಸಂಶೋಧಕರು ದಾಖಲಿಸಿದ್ದಾರೆ. ಮೂರು ಸಾವಿರ ವರ್ಷಕ್ಕೂ ಮಿಕ್ಕಿ ಬಿಸಿಲಿಗೆ ಜಗ್ಗದ ಹೋರಿಯನ್ನು ಜಲ್ಲಿ ಮಾಡಲು ಒಂದು ಮಧ್ಯಾಹ್ನ ಸಾಕು.

ನಮ್ಮ ಮನೆಯಲ್ಲಿ ಕಾರಹುಣ್ಣಿಮೆಗೆ ಎತ್ತುಗಳನ್ನು ತೊಳೆದು, ಕೋಡಿಗೆ ಬಣ್ಣ ಬಳಿದು, ಮೈಮೇಲೆ ಕೆಮ್ಮಣ್ಣಿನ ಚಿತ್ತಾರ ಬರೆಯುತ್ತಿದ್ದರು. ಬರೆಯುವ ಕೆಲಸ ಅಜ್ಜಿಯದು. ಸಂಜೆ ಕರಿ ಹರಿಯಲು ಎತ್ತುಗಳನ್ನು ಅಗಸೆಯ ಕಡೆಗೆ ಹೊಡೆದುಕೊಂಡು ಹೋಗುವ ಮುಂಚೆ ಅವಳು ಅವುಗಳನ್ನು ಹಟ್ಟಿಯ ಬಾಗಿಲಲ್ಲಿ ಪಡುವಣಕ್ಕೆ ಮೈಮಾಡಿ ಒಂದು ಗಳಿಗೆ ನಿಲ್ಲಿಸುತ್ತಿದ್ದಳು. ಏಕೆಂದು ನಾವು ಕೇಳಿದರೆ, "ಹೊತ್ತು ಮುಳುಗೋವಾಗಿನ ಬಿಸಿಲು ಬೀಳಲಿ, ಆಗ ಬಣ್ಣ ಏಳ್ತದ" ಎನ್ನುತ್ತಿದ್ದಳು. ಹಿರೇಗುಡ್ಡದ ಹೆಸರನ್ನು ಅವಳು ಕೇಳಿರಲಿಲ್ಲ.